ಎಂಬತ್ತರ ಮೇಲಿನ ನಡುಕ

ನನಗೊಂದು ಸಣ್ಣ ಚಿಂತೆಯಿದೆ. ಯಾರಿಗಾದರೂ ಹೇಳಿದರೆ ಹಣೆ ಮುಟ್ಟಿ ಜ್ವರ ನೋಡಿಯಾರು ಎಂದು ಅದನ್ನು ಡೈರಿಯ ಹೊರಗೆ ಬಿಟ್ಟಿಲ್ಲ. ಚಿಂತೆ ಇಷ್ಟೇ: ಹಾಗಲಕಾಯಿ ನನಗೆ ನಿಜವಾಗಿಯೂ ಇಷ್ಟವೋ, ಇಲ್ಲ ಇಷ್ಟವಾಗುವಂತೆ ಮಾಡಿದ್ದೋ? ಗೊಜ್ಜು ಮಾಡಿದ ದಿನ ಎರಡೆರಡು ಸಲ ಬಡಿಸಿಕೊಳ್ಳುತ್ತೇನೆ, ತಟ್ಟೆಯ ಅಂಚನ್ನು ಬೆರಳಿನಿಂದ ಬಳಿದು ತಿನ್ನುತ್ತೇನೆ, ಸಂತೋಷವೂ ಆಗುತ್ತದೆ. ಆದರೆ ಆ ಸಂತೋಷದ ಹಿಂದೆ ಯಾರೋ ನಿಂತು ನನ್ನ ಗಲ್ಲ ಹಿಡಿದು ಅಗಿಸುತ್ತಿದ್ದಾರೆ ಅನ್ನಿಸುತ್ತದೆ.

ನೆನಪಿರುವ ಮಟ್ಟಿಗೆ, ಚಿಕ್ಕವಳಿದ್ದಾಗ ಅದನ್ನು ಕಂಡರೆ ಮಂಚದಡಿ ಸೇರಿಕೊಳ್ಳುತ್ತಿದ್ದೆ. ಯಾವುದೋ ನಾಮಕರಣದ ಊಟದಲ್ಲಿ ನನ್ನ ಎಲೆಗೆ ಬಿದ್ದ ಹಾಗಲಕಾಯಿ ಪಲ್ಯವನ್ನು ಹೇಗೆ ಮಾಯ ಮಾಡುವುದೆಂದು ನೋಡುತ್ತಿದ್ದಾಗ ಎದುರು ಪಂಕ್ತಿಯಿಂದ ದೊಡ್ಡಮ್ಮ ಕೂಗಿದರು: "ನೋಡ್ರೇ, ನಮ್ಮ ಚಿತ್ಕಳಂಗೆ ಹಾಗಲಕಾಯಿ ಅಂದ್ರೆ ಪ್ರಾಣ. ಕೊನೇಲಿ ತಿನ್ನೋಣ ಅಂತ ಹೇಗೆ ಒತ್ತರಿಸಿ ಇಟ್ಕೊಂಡಿದಾಳೆ!" ಪಂಕ್ತಿಯಲ್ಲಿದ್ದವರೆಲ್ಲ ಹೌದು ಹೌದು ಅಂದರು. ನಾನು ಬಾಯಿ ತೆರೆಯಲಿಲ್ಲ. ಅಷ್ಟು ಸಾಕಾಯಿತು. ಪಾಯಸ ಬರುವ ಹೊತ್ತಿಗೆ ಇನ್ಯಾರೋ "ಮಗು ಮಾತು ಕಮ್ಮಿ ಅಲ್ವಾ?" ಅಂದರು. ಅದಕ್ಕೂ ಎಲ್ಲರೂ ಹೌದು ಅಂದರು. ಆಮೇಲೆ ಬಾಯಿ ತೆರೆಯಬೇಕೆಂದರೂ ಹೊತ್ತು ಮೀರಿತ್ತು. ಒಂದೇ ಊಟದಲ್ಲಿ ನಾಲಿಗೆಗೆ ಒಂದು ರುಚಿ ಬಂತು, ಇದ್ದ ಮಾತು ಹೋಯಿತು. ಅಂದಿನಿಂದ "ಹೂಂ", "ಆಯ್ತು", "ಬರ್ತೀನಿ" ಇಷ್ಟರಲ್ಲಿ ನನ್ನ ಬದುಕು ನಡೆದುಕೊಂಡು ಬಂದಿದೆ. ಮಿಕ್ಕದ್ದು ಡೈರಿಗೆ.

ನಮ್ಮೂರಿನಲ್ಲಿ ಹಾಗೆಯೇ. ಕೂಡಿದವರೆಲ್ಲ ಹೌದೆಂದರೆ, ಅಲ್ಲವೆನ್ನುವವರು ಒಬ್ಬರೂ ಇರದಿದ್ದರೆ, ಹೇಳಿದ್ದು ಹಾಗೇ ಆಗುತ್ತದೆ. ಸುಮ್ಮನಿದ್ದವರ ಲೆಕ್ಕವೂ ಹೌದಿನ ಕಡೆಗೇ. ಇದಕ್ಕೆ ಹೌದು ಬೀಳುವುದು ಎನ್ನುತ್ತೇವೆ. ಆಚೆ ಊರಿನವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ನಮಗೆ ನಲ್ಲಿಯಲ್ಲಿ ನೀರು ಬಂದಷ್ಟೇ ಸಹಜ, ನೀರಿಗಿಂತ ಇದು ಕ್ರಮವಾಗಿ ಬರುತ್ತದೆ ಅಷ್ಟೆ. ಆಸ್ಪತ್ರೆಯಲ್ಲಿ ರೋಗಿಯ ಹತ್ತಿರ ಇಬ್ಬರು ನೆಂಟರನ್ನು ಒಟ್ಟಿಗೆ ಬಿಡುವುದಿಲ್ಲ. ಮದುವೆ ಮನೆಯಲ್ಲಿ ಯಾರಾದರೂ ಮೋಡದ ಕಡೆ ತಲೆ ಎತ್ತಿದರೆ ತಕ್ಷಣ ಅವರ ಬಾಯಿಗೆ ಲಾಡು ತುರುಕುತ್ತಾರೆ. ಊರಿಗೆ ಬಸ್ಸಿಲ್ಲ. ಮೊದಲಿತ್ತು. ಒಂದು ಬೆಳಿಗ್ಗೆ ನಿಲ್ದಾಣದಲ್ಲಿ ಕಾದವರೆಲ್ಲ ಸೇರಿ "ಇವನು ಇನ್ನು ಬಂದಂಗೇ" ಅಂದರು. ಬಸ್ಸು ಇವತ್ತಿನವರೆಗೂ ಬಂದಿಲ್ಲ. ನಿಲ್ದಾಣಕ್ಕೆ ಮಾತ್ರ ವರ್ಷವರ್ಷ ಸುಣ್ಣ ಬಳಿಸುತ್ತಾರೆ.

"ಹಾಗಾದ್ರೆ ಎಲ್ಲಾ ಸೇರಿ ಒಳ್ಳೇದನ್ನೇ ಹೇಳಿಬಿಡಬಹುದಲ್ಲ" ಎಂದು ಆಚೆ ಊರಿನವರು ಕೇಳುತ್ತಾರೆ. ಪಾಪ, ಜನರನ್ನು ಕಂಡವರಲ್ಲ. ಕೆಟ್ಟದ್ದಕ್ಕೆ ಬಿದ್ದಷ್ಟು ಸಲೀಸಾಗಿ ಒಳ್ಳೆಯದಕ್ಕೆ ಹೌದು ಬಿದ್ದದ್ದನ್ನು ನಾನು ನೋಡಿಲ್ಲ. ಒಬ್ಬರನ್ನು ಒಳ್ಳೆಯವರು ಎಂದು ನೋಡಿ, ಗುಂಪಿನಲ್ಲಿ ಯಾರಾದರೂ ಒಬ್ಬರು "ಒಳ್ಳೆಯವ್ರೇ, ಆದ್ರೂ..." ಎಂದು ರಾಗ ಎಳೆಯುತ್ತಾರೆ. ಹೌದು ಮುರಿಯಲು ಅಷ್ಟು ಸಾಕು. ಇನ್ನು ಒಬ್ಬರೇ ಕೂತು ಹೇಳಿಕೊಂಡರೆ ನಡೆಯುವುದಿಲ್ಲ. ಕನ್ನಡಿಯ ಮುಂದೆ ನಿಂತು ಪ್ರಯತ್ನಿಸಿ ನೋಡಿದ್ದೇನೆ.

ಇದನ್ನು ತಡೆಯಲೆಂದೇ ಹಿಂದಿನವರು ಅಡ್ಡಮಾತಿನವರು ಎಂದು ಒಂದು ಮನೆತನವನ್ನು ಇಟ್ಟಿದ್ದರು. ಸಭೆ ಸಮಾರಂಭಕ್ಕೆ ಕರೆದು ಮೂಲೆಯಲ್ಲಿ ಕೂರಿಸಿದರೆ ಅವರು ಆಗಾಗ "ಅಲ್ಲ" ಎಂದು, ಊಟ ಮಾಡಿ, ತಾಂಬೂಲ ತೆಗೆದುಕೊಂಡು ಹೋಗುತ್ತಿದ್ದರು. ಅವರಲ್ಲಿ ಕೊನೆಯವರು ಕೇಶವಯ್ಯ. ಹೋದ ವರ್ಷ ಪುರಸಭೆಯವರು ಅವರಿಗೆ ಸನ್ಮಾನ ಇಟ್ಟುಕೊಂಡರು. ಶಾಲು ಹೊದಿಸಿ, ಹಾರ ಹಾಕಿ, ಪೇಟ ಇಟ್ಟು, "ಕೇಶವಯ್ಯನವರಿಗೆ ಇನ್ನು ವಿಶ್ರಾಂತಿ ಬೇಕು" ಎಂದು ಅಧ್ಯಕ್ಷರು ಭಾಷಣ ಮುಗಿಸಿದರು. ಸಭೆ ಚಪ್ಪಾಳೆ ತಟ್ಟಿ ಹೌದೆಂದಿತು. ತನ್ನ ಸನ್ಮಾನದಲ್ಲೇ ಅಡ್ಡಮಾತಾಡುವುದು ಸಭ್ಯತೆಯಲ್ಲವೆಂದು ಕೇಶವಯ್ಯ ಸುಮ್ಮನಿದ್ದರು. ಅವತ್ತು ಮಲಗಿದವರು ಊಟಕ್ಕೆ ಎದ್ದರೆ ಎದ್ದರು.

ಇಷ್ಟು ಪೀಠಿಕೆ ಕಾರಿನ ಸಲುವಾಗಿ. ನಾನು ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದವಳು. ಹೆದ್ದಾರಿಯಲ್ಲಿ ಹೋದರೆ ಸಿಗುವ ಮುಂದಿನ ಊರಿನ ಬೀಜ ಪರೀಕ್ಷಾ ಕೇಂದ್ರದಲ್ಲಿ ನನಗೆ ಕೆಲಸ ಸಿಕ್ಕಿತು. ಒದ್ದೆ ಕಾಗದದ ಮೇಲೆ ಬೀಜಗಳನ್ನು ಸಾಲಾಗಿ ಜೋಡಿಸಿ ಸುರುಳಿ ಸುತ್ತುವುದು, ಕೆಲವು ದಿನ ಬಿಟ್ಟು ಬಿಚ್ಚಿ ಎಷ್ಟು ಮೊಳೆತಿವೆ ಎಂದು ನೋಡುವುದು. ಮೊಳೆತರೆ ಮೊಳೆಯಿತು, ಇಲ್ಲದಿದ್ದರೆ ಇಲ್ಲ. ಸುತ್ತ ನಿಂತವರ ಅಭಿಪ್ರಾಯ ಬೀಜಕ್ಕೆ ಬೇಕಿಲ್ಲ. ಸಂದರ್ಶನದ ದಿನ ಅಲ್ಲಿಯ ಮೇಡಂ ಒಂದು ಸುರುಳಿ ಬಿಚ್ಚಿ ತೋರಿಸಿದಾಗ ನನಗೆ ಕಣ್ಣು ತುಂಬಿ ಬಂತು. ಅವರು ಧೂಳಿನ ಅಲರ್ಜಿ ಇರಬೇಕು ಅಂದುಕೊಂಡರು.

ದಿನಾ ಹೋಗಿ ಬರಬೇಕಾದದ್ದು ನಮ್ಮ ಹಳೆಯ ಬಿಳಿ ಕಾರಿನಲ್ಲಿ. ಅಪ್ಪ ಅದನ್ನು ಕೊಂಡರೇ ಹೊರತು ಓಡಿಸುವ ಧೈರ್ಯ ಮಾಡಲಿಲ್ಲ. ಓಡಿಸುವವಳು ನಾನು. ಈ ಒಂದು ಕೆಲಸ ನನಗೆ ಬರುತ್ತದೆ, ಚೆನ್ನಾಗಿ ಬರುತ್ತದೆ. ಹೆದ್ದಾರಿಯಲ್ಲಿ ಯಾರೂ "ಯಾಕಮ್ಮ ಸಪ್ಪಗಿದೀಯ" ಎಂದು ಕೇಳುವುದಿಲ್ಲ. ಲಾರಿಯವರು ಹಾರ್ನ್ ಮಾಡುತ್ತಾರೆ, ಆದರೆ ಉತ್ತರಕ್ಕೆ ಕಾಯುವುದಿಲ್ಲ. ಸ್ಟೀರಿಂಗ್ ಹಿಡಿದಾಗ ನನ್ನ ಕೈಗಳು ನನಗೆ ಮಾತಾಡುವ ಕೈಗಳಂತೆ ಕಾಣುತ್ತವೆ.

ಕೆಲಸಕ್ಕೆ ಸೇರಲು ಇನ್ನೂ ಒಂದು ತಿಂಗಳಿದೆ ಎನ್ನುವಾಗ ನಡುಕ ಶುರುವಾಯಿತು. ಎಂಬತ್ತರವರೆಗೆ ಕಾರು ಬೆಣ್ಣೆ. ಎಂಬತ್ತು ದಾಟಿದೊಡನೆ ಸೀಟಿನ ಕೆಳಗಿನಿಂದ ಒಂದು ಗುಂಯ್ ಏಳುತ್ತದೆ, ತೊಂಬತ್ತಕ್ಕೆ ಸೊಂಟದಿಂದ ಬೆನ್ನಿಗೆ ಹತ್ತುತ್ತದೆ, ನೂರಕ್ಕೆ ಒಳಗನ್ನಡಿಯಲ್ಲಿ ಹಿಂದಿನ ಲಾರಿ ಎರಡಾಗಿ ಕಾಣುತ್ತದೆ. ಬ್ರೇಕ್ ಒತ್ತಿದರೂ ಅದೇ, ನ್ಯೂಟ್ರಲ್‌ಗೆ ಹಾಕಿ ಬಿಟ್ಟರೂ ಅದೇ. ನಡುಗುವುದು ಸೀಟು, ಸ್ಟೀರಿಂಗ್ ಮಾತ್ರ ಧ್ಯಾನಕ್ಕೆ ಕೂತ ಹಾಗೆ ಶಾಂತ. ಇದೆಲ್ಲವನ್ನೂ ಅಪ್ಪನಿಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದೆ. ಬಾಯಿಂದ ಬಂದದ್ದು "ಕಾರು ನಡುಗುತ್ತೆ" ಅಷ್ಟೆ.

"ನಡುಗೋ ಕಾರಲ್ಲಿ ಹೆದ್ದಾರಿಗೆ ಹೇಗಮ್ಮ ಕಳಿಸೋದು?" ಅಂದರು ಅಪ್ಪ. "ಸರಿ ಮಾಡಿಸೋಣ. ಸರಿ ಆಗ್ಲಿಲ್ಲ ಅಂದ್ರೆ ಆ ಕೆಲಸದ ಆಸೆ ಬಿಟ್ಬಿಡು. ಯಾವುದಕ್ಕೂ ಅಣ್ಣನ್ನ ಒಂದು ಮಾತು ಕೇಳೋಣ."

ಅಣ್ಣ ಎಂದರೆ ನನ್ನ ದೊಡ್ಡಪ್ಪ. ಅಣೆಕಟ್ಟಿನ ಇಲಾಖೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಆದ್ದರಿಂದ ಎಂಜಿನಿಯರಿಂಗ್ ಬಲ್ಲವರು. ಭಾನುವಾರ ದೊಡ್ಡಮ್ಮನೊಡನೆ ಬಂದು ನಮ್ಮ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಮೆಕ್ಯಾನಿಕ್ ಲಿಂಗಣ್ಣನೂ ಬಂದ. ಲಿಂಗಣ್ಣ ಒಳ್ಳೆಯ ಕೆಲಸಗಾರ, ಆದರೆ ನಾಲ್ಕು ಜನರ ಒಪ್ಪಿಗೆಯಿಲ್ಲದೆ ಬಾನೆಟ್ ಎತ್ತುವವನಲ್ಲ. ತಾನಾಗಿಯೇ ನೋಡಿ ತಪ್ಪು ಕಂಡುಹಿಡಿಯುವುದಕ್ಕಿಂತ, ಹಿರಿಯರು ಹೇಳಿದ ತಪ್ಪನ್ನು ಸರಿಪಡಿಸುವುದರಲ್ಲಿ ಮರ್ಯಾದೆಯೂ ಇದೆ, ಕೆಲಸವೂ ಮುಗಿಯುವುದಿಲ್ಲ ಎಂದು ಅವನು ಬಹಳ ಹಿಂದೆಯೇ ಕಂಡುಕೊಂಡಿದ್ದ.

ದೊಡ್ಡಪ್ಪ ಮೊದಲು ತಾವೇ ಕಾರನ್ನು ಓಡಿಸಿ ನೋಡಿದರು. ಅವರು ಜೀವಮಾನದಲ್ಲಿ ನಲವತ್ತು ದಾಟಿಸಿದವರಲ್ಲ. ಇಳಿದು ಬಂದು, "ನನಗೇನೂ ಗೊತ್ತಾಗ್ಲಿಲ್ಲ, ಆದ್ರೆ ಗೊತ್ತಾಯ್ತು" ಅಂದರು. ಆಮೇಲೆ ಬಲಗಡೆಯ ಮುಂದಿನ ಚಕ್ರಕ್ಕೆ ಚಪ್ಪಲಿ ಕಾಲಿನಿಂದ ಒಂದು ಒದೆ ಕೊಟ್ಟರು.

"ಟಯರು, ಲಿಂಗಣ್ಣ. ಟಯರ್ ಹೋಗಿದೆ."

"ಹೌದು ಸಾರ್. ನಾನೂ ಅದೇ ಹೇಳೋಣಾಂತಿದ್ದೆ."

"ಏನಪ್ಪಾ?" ಎಂದು ಅಪ್ಪನ ಕಡೆ ತಿರುಗಿದರು.

"ನೀನು ಹೇಳಿದ್ಮೇಲೆ ಇನ್ನೇನಣ್ಣ. ಹೌದು."

ದೊಡ್ಡಮ್ಮ ನೋಡದೆಯೇ ಹೌದೆಂದರು. ಅಮ್ಮ ತಲೆಯಾಡಿಸಿದಳು. ನಾನು ಗೇಟಿನ ಹತ್ತಿರ ನಿಂತಿದ್ದೆ, ಟಯರು ಮೊನ್ನೆ ತಾನೇ ಹಾಕಿಸಿದ್ದು ಎಂದು ಹೇಳಬೇಕಿತ್ತು, ನಿಂತೇ ಇದ್ದೆ. ನೋಡುತ್ತಿದ್ದಂತೆ ಟಯರಿನ ಪಕ್ಕೆಯಲ್ಲಿ ನಿಂಬೆಹಣ್ಣಿನ ಗಾತ್ರದ ಗುಳ್ಳೆಯೊಂದು ಪುಸಕ್ಕನೆ ಎದ್ದಿತು.

"ಏನ್ ಕಣ್ಣು ಸಾರ್ ನಿಮ್ದು!" ಎಂದ ಲಿಂಗಣ್ಣ.

ಎಲ್ಲರೂ ಟಯರ್ ಅಂಗಡಿಗೆ ಹೋದೆವು. ಅಲ್ಲಿ ಚಕ್ರದ ಸಮತೂಕ ನೋಡುವ ಒಂದು ಮಿಷನ್ ಇತ್ತು. ಚಕ್ರವನ್ನು ಅದಕ್ಕೆ ಸಿಕ್ಕಿಸಿ ಗಿರ್ರನೆ ತಿರುಗಿಸಿದರೆ ಎಲ್ಲಿ ಎಷ್ಟು ತೂಕ ಕಡಿಮೆಯಿದೆ ಎಂದು ತೋರಿಸುತ್ತದೆ. ಅಲ್ಲಿಗೆ ಅಷ್ಟು ಸೀಸದ ತುಂಡು ಅಂಟಿಸಬೇಕು. ಅಂಗಡಿಯವನು ಹೊಸ ಟಯರಿನ ಚಕ್ರವನ್ನು ನೋಡಿ ಮುಗಿಸಿ, ಬಂದದ್ದು ಬಂದಿದ್ದೀರಿ ಎಂದು ಎಡಗಡೆಯ ಹಿಂದಿನ ಚಕ್ರವನ್ನೂ ಬಿಚ್ಚಿ ಹಾಕಿದ. ಮಿಷನ್ ಕೆಂಪು ದೀಪ ಹಚ್ಚಿ ದೊಡ್ಡ ಅಂಕಿಯನ್ನು ತೋರಿಸಿತು.

"ಅದು ಹಿಂದಿನ ಚಕ್ರ ಕಣ್ರೀ" ಎಂದು ದೊಡ್ಡಪ್ಪ ನಕ್ಕರು. "ಕಾರು ಓಡೋದು ಮುಂದಕ್ಕೆ. ಹಿಂದಿಂದು ಸುಮ್ನೆ ಜೊತೇಲಿ ಬರುತ್ತೆ. ಅದ್ಯಾಕೆ ನಡುಗಿಸುತ್ತೆ? ನಿಮ್ಮ ಮಿಷನ್ ಕೆಟ್ಟಿದೆ."

ಲಿಂಗಣ್ಣ ಹೌದೆಂದ. ಅಪ್ಪ ಹೌದೆಂದರು. ಗಿರಾಕಿಗಳ ಮನಸ್ಸು ನೋಯಿಸಬಾರದೆಂದು ಅಂಗಡಿಯವನೂ ಹೌದೆಂದ. ನಾನಂತೂ ಇದ್ದೇ ಇದ್ದೆನಲ್ಲ. ಮಿಷನ್ ಒಮ್ಮೆ ಬಿಕ್ಕಳಿಸಿ ದೀಪ ಆರಿಸಿಕೊಂಡು ನಿಂತಿತು. ನಮ್ಮೂರಿನಲ್ಲಿದ್ದದ್ದು ಅದೊಂದೇ ಮಿಷನ್.

ಮಾರನೆಯ ದಿನ ಹೆದ್ದಾರಿಗೆ ಹೋದೆ. ಎಂಬತ್ತು ದಾಟಿದೊಡನೆ ಅದೇ ಗುಂಯ್. ಮುಂದಿನ ಭಾನುವಾರ ದೊಡ್ಡಪ್ಪ, ಇದು ಎಂಜಿನ್ ಕೂರುವ ರಬ್ಬರಿನ ದೋಷ ಎಂದರು. ಹೌದು ಬಿದ್ದ ಮರುಕ್ಷಣ ಬಾನೆಟ್ ಒಳಗೆ ಫಟ್ ಎಂದಿತು. ಲಿಂಗಣ್ಣ ಎರಡು ಹೋಳಾದ ರಬ್ಬರನ್ನು ಹೊರಗೆ ತೆಗೆದು ಎಲ್ಲರಿಗೂ ತೀರ್ಥದಂತೆ ಹಿಡಿದು ತೋರಿಸಿದ. ರಬ್ಬರ್ ಬದಲಾಯಿತು, ನಡುಕ ಉಳಿಯಿತು. ಅದರಾಚೆಯ ಭಾನುವಾರ ಆಕ್ಸೆಲ್ ಬೆಂಡಾಯಿತು. ಅವರು ಏನು ಹೇಳಿದರೂ ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತಾದ್ದರಿಂದ ದೊಡ್ಡಪ್ಪನ ಕೀರ್ತಿ ಬೀದಿ ದಾಟಿತು. ಜನ ಕುಕ್ಕರು, ಮಿಕ್ಸಿ, ನೀರೆತ್ತುವ ಮೋಟಾರುಗಳನ್ನು ತಂದು ತೋರಿಸಿ, ಕೆಡಿಸಿಕೊಂಡು, ಕೈಮುಗಿದು ಹೋಗತೊಡಗಿದರು. ನಮ್ಮ ಕಾರಿನಲ್ಲಿ ಕೆಡದೆ ಉಳಿದಿದ್ದವೆಂದರೆ, ಕೆಟ್ಟಿರಬಹುದೆಂದು ಯಾರಿಗೂ ಹೊಳೆಯದೇ ಇದ್ದ ಭಾಗಗಳು ಮಾತ್ರ.

ನನಗೆ ಮಿಷನ್ನಿನ ಕೆಂಪು ದೀಪ ಮನಸ್ಸಿನಿಂದ ಹೋಗಿರಲಿಲ್ಲ. ಮುಂದಿನ ಚಕ್ರ ಹಾಳಾಗಿದ್ದರೆ ಸ್ಟೀರಿಂಗ್ ನಡುಗಬೇಕು. ಇಲ್ಲಿ ನಡುಗುವುದು ಸೀಟು. ಒಂದು ಮಧ್ಯಾಹ್ನ ಎಲ್ಲರೂ ಊಟ ಮಾಡಿ ಮಲಗಿದ ಮೇಲೆ ಜಾಕ್ ಹಾಕಿ ಎಡಗಡೆಯ ಹಿಂದಿನ ಚಕ್ರ ಬಿಚ್ಚಿ, ಅದರ ಜಾಗಕ್ಕೆ ಸ್ಟೆಪ್ನಿ ಹಾಕಿಕೊಂಡು ಹೆದ್ದಾರಿಗೆ ಹೋದೆ. ಎಂಬತ್ತು. ತೊಂಬತ್ತು. ನೂರು. ಕನ್ನಡಿಯಲ್ಲಿ ಹಿಂದಿನ ಲಾರಿ ಒಂದೇ ಇತ್ತು. ಅದರ ಹಣೆಯ ಮೇಲೆ ಬರೆದಿದ್ದ ದೇವರ ಹೆಸರನ್ನೂ ಓದಬಹುದಿತ್ತು.

ಮನೆಗೆ ಬಂದು ಬಿಚ್ಚಿದ ಚಕ್ರವನ್ನು ಬಿಸಿಲಿನಲ್ಲಿ ಹೊರಳಿಸಿ ನೋಡಿದೆ. ಉಳಿದ ಚಕ್ರಗಳಲ್ಲಿ ಲೋಹದ ಅಂಚಿನ ಒಳಮೈಗೆ ಬೂದುಬಣ್ಣದ ಸೀಸದ ಸಣ್ಣ ಪಟ್ಟಿ ಅಂಟಿಕೊಂಡಿತ್ತು. ಇದರಲ್ಲಿ ಪಟ್ಟಿ ಇದ್ದ ಜಾಗ ಮಾತ್ರ ಇತ್ತು, ಹಣೆಯಿಂದ ಬೊಟ್ಟು ತೆಗೆದ ಗುರುತಿನ ಹಾಗೆ. ಪಟ್ಟಿ ಎಲ್ಲಿ ಬಿದ್ದಿದೆಯೋ ಎಂದು ಯೋಚಿಸುತ್ತಾ ಕೈ ತೊಳೆಯಲು ಅಡುಗೆಮನೆಗೆ ಹೋದರೆ, ಅದು ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಕೂತಿತ್ತು.

"ಅಮ್ಮಾ, ಇದೆಲ್ಲಿತ್ತು?" ಅಮ್ಮನೊಬ್ಬಳ ಹತ್ತಿರ ನನಗೆ ಒಂದು ವಾಕ್ಯ ಪೂರ್ತಿ ಬರುತ್ತದೆ.

"ಅದಾ? ಬೆಕ್ಕು ಮುಚ್ಚಳ ಬೀಳಿಸುತ್ತೆ ಅಂತ ಇಟ್ಟಿದೀನಿ. ಒಳ್ಳೇ ಭಾರ ಇದೆ."

"ಎಲ್ಲಿತ್ತು ಅಂದೆ."

"ನಿಮ್ಮ ದೊಡ್ಡಪ್ಪನ ಅರವತ್ತರ ಶಾಂತಿಗೆ ಹೋಗೋ ಮುಂಚೆ ಕಾರು ತೊಳೆದ್ನಲ್ಲ, ಚಕ್ರಕ್ಕೆ ಅಂಟ್ಕೊಂಡಿತ್ತು. ಬೇರೆ ಚಕ್ರದಲ್ಲಿ ಒಳಗಡೆ ಸೇರ್ಕೊಂಡು ಕಾಣ್ತಿರಲಿಲ್ಲ, ಇದೊಂದು ಎದ್ದು ಕಾಣೋದು. ಅಷ್ಟು ಜನದ ಮುಂದೆ ನಿಮ್ಮ ದೊಡ್ಡಮ್ಮ ನೋಡಿ 'ಏನೇ ಇದು, ಕಾರಿಗೆ ಕಜ್ಜಿ ಆಗಿದೆ' ಅಂದ್ಬಿಟ್ರೆ ಏನ್ ಗತಿ? ಚಾಕು ಹಾಕಿ ಎಬ್ಬಿಸಿದೆ."

ಅಮ್ಮನನ್ನು ಬೈಯುವಂತಿಲ್ಲ. ನಮ್ಮೂರಿನಲ್ಲಿ ನೆಂಟರ ಮುಂದೆ ಹೋಗುವ ಮೊದಲು ಎಲ್ಲರೂ ಮಾಡುವುದೇ ಅದು. ಕಸ ಇದ್ದರೆ ಇರಲಿ, ಬಾಯಿಗೆ ಸಿಗುವಂಥದ್ದು ಮಾತ್ರ ಇರಬಾರದು. ಗೋಡೆಯ ಮೇಲೆ ವಾರೆಯಾದ ಕ್ಯಾಲೆಂಡರು, ಕುತ್ತಿಗೆಯ ಮೇಲಿನ ಮಚ್ಚೆ, ಹೆಚ್ಚು ನಗುವ ಮಗು, ಎಲ್ಲವನ್ನೂ ಮುಚ್ಚಿಟ್ಟು ಕದ ತೆಗೆಯುತ್ತೇವೆ.

"ಅಮ್ಮಾ, ಕಾರು ನಡುಗೋದು ಇದಕ್ಕೇ."

ಅಮ್ಮ ಸೌಟು ಕೆಳಗಿಟ್ಟಳು. ಆ ಪಟ್ಟಿಯನ್ನು ಮುಚ್ಚಳದ ಮೇಲಿಂದ ಎತ್ತಿಕೊಂಡಳು. "ಹಾಗಾದ್ರೆ ಟಯರು, ರಬ್ಬರು, ಆಕ್ಸೆಲ್ಲು, ಅದೆಲ್ಲ..." ಎಂದಳು. ಆಮೇಲೆ ನನ್ನ ಮೊಣಕೈ ಹಿಡಿದುಕೊಂಡಳು. "ಚಿತ್ತೂ, ಅವರ ಮುಂದೆ ಹೇಳ್ಬೇಡ ಕಣೇ. 'ಇವಳಿಗೆ ಮೊದಲಿಂದ್ಲೂ ತಲೆ ನೆಟ್ಟಗಿಲ್ಲ' ಅಂತ ನಿಮ್ಮ ದೊಡ್ಡಮ್ಮ ಶುರು ಮಾಡ್ತಾರೆ. ಎಲ್ಲಾ ಹೌದು ಅಂದ್ಬಿಟ್ರೆ? ಎದುರು ಮನೆ ಸರಸಮ್ಮನ್ನ ನೋಡಿದೀಯಲ್ಲ."

ನೋಡಿದ್ದೆ. ಒಂದು ಸೀಮಂತದಲ್ಲಿ ಕುಂಕುಮದ ಬಟ್ಟಲನ್ನು ಎಲ್ಲೋ ಇಟ್ಟು ಹುಡುಕುತ್ತಿದ್ದ ಸರಸಮ್ಮನನ್ನು ಕಂಡು ಹೆಂಗಸರು ನಗುತ್ತಾ, "ಸರಸಮ್ಮಂಗೆ ಎಲ್ಲಾ ಮರೆತೋಗುತ್ತೆ" ಅಂದಿದ್ದರು. ತಮಾಷೆಗೇ ಅಂದದ್ದು. ಈಗ ಸರಸಮ್ಮ ದಿನಾ ಸಂಜೆ ನಮ್ಮ ಗೇಟಿಗೆ ಬಂದು, ನನ್ನ ಮನೆ ಯಾವುದಮ್ಮ ಎಂದು ಕೇಳುತ್ತಾರೆ. ಅಮ್ಮ ಕೈಹಿಡಿದು ರಸ್ತೆ ದಾಟಿಸಿ ಬಿಟ್ಟು ಬರುತ್ತಾಳೆ.

ನಾನು ಯಾರಿಗೂ ಹೇಳುವುದಿಲ್ಲವೆಂದೆ. ಹೇಳದಿರುವುದರಲ್ಲಿ ನನ್ನಷ್ಟು ಪಳಗಿದವರು ಊರಲ್ಲಿ ಇನ್ಯಾರಿದ್ದಾರೆ? ಗುರುತಿನ ಮೇಲೆ ಗಟ್ಟಿ ಅಂಟು ಹಚ್ಚಿ ಪಟ್ಟಿಯನ್ನು ಮೊದಲಿದ್ದಲ್ಲೇ ಕೂರಿಸಿ, ಒಣಗಿಸಿ, ಚಕ್ರವನ್ನು ಮತ್ತೆ ಹಾಕಿದೆ. ಹೆದ್ದಾರಿಯಲ್ಲಿ ನೂರಕ್ಕೆ ಏರಿಸಿದೆ. ಡ್ಯಾಶ್‌ಬೋರ್ಡಿನ ಮೇಲಿನ ಪುಟ್ಟ ಗಣೇಶ ಕೂಡ ಕದಲಲಿಲ್ಲ. ಸ್ಟೀರಿಂಗ್ ಮೇಲಿದ್ದ ನನ್ನ ಎರಡು ಕೈಗಳನ್ನು ನೋಡಿದೆ. ಅವು ಬಹಳ ಸುಮ್ಮನಿದ್ದವು. ಬೀಜದ ಸುರುಳಿಗಳನ್ನು ಬಿಚ್ಚಲು ಇಂಥ ಕೈಗಳೇ ಬೇಕು, ಇಲ್ಲದಿದ್ದರೆ ಮೊಳಕೆ ಮುರಿಯುತ್ತದೆ ಎಂದು ಆ ಮೇಡಂ ಹೇಳಿದ್ದು ನೆನಪಾಯಿತು. ಕಾರಿನೊಳಗೆ ಒಬ್ಬಳೇ ಜೋರಾಗಿ ನಕ್ಕೆ.

ಆದರೆ ಭಾನುವಾರ ಎನ್ನುವುದೊಂದಿದೆ. "ಈ ವಾರ ಕಾರಿನ ವಿಷಯ ಮುಗಿಸಿಬಿಡೋಣ" ಎಂದು ದೊಡ್ಡಪ್ಪ ಹೇಳಿಕಳಿಸಿದರು. ನನಗೆ ಹೆದರಿಕೆಯಾಯಿತು, ಮುಗಿಸುವುದೆಂದರೆ ಅವರು ಮುಗಿಸಿಯೇ ಬಿಡುವವರು. ಅಡ್ಡಮಾತಿನ ಕೇಶವಯ್ಯನವರನ್ನಾದರೂ ಕರೆತರೋಣವೆಂದು ಅವರ ಮನೆಗೆ ಹೋದೆ. ಸನ್ಮಾನದ ಶಾಲನ್ನೇ ಹೊದ್ದು ಮಲಗಿದ್ದರು. ಅವರ ಹೆಂಡತಿ ಕದದ ಹತ್ತಿರವೇ ನಿಂತು, "ಎಬ್ಬಿಸಿ ನೋಡಮ್ಮ, ನಾನು ಎಬ್ಬಿಸಿ ಎಬ್ಬಿಸಿ ಸೋತೆ" ಎಂದರು. ನಾನು ಪಾದ ಮುಟ್ಟಿ ಅಲುಗಿಸಿದೆ. ಕೇಶವಯ್ಯ ಕಣ್ಣು ತೆರೆಯದೆ, "ಯಾರಾದ್ರೂ ಇರ್ತಾರಮ್ಮ, ಹೇಳ್ತಾರೆ" ಎಂದು ಮಗ್ಗುಲು ಬದಲಿಸಿದರು.

ಭಾನುವಾರ ಅಂಗಳ ತುಂಬಿತ್ತು. ದೊಡ್ಡಪ್ಪ, ದೊಡ್ಡಮ್ಮ, ಲಿಂಗಣ್ಣ, ಅಪ್ಪ, ಜೊತೆಗೆ ಕುಕ್ಕರು ಮಿಕ್ಸಿಗಳ ಋಣವಿದ್ದ ಅಕ್ಕಪಕ್ಕದವರು. ಮುಂಚೆಯೇ ಅಪ್ಪನ ಕಿವಿಯಲ್ಲಿ "ಸರಿ ಹೋಗಿದೆ" ಎಂದು ಹೇಳಿದ್ದೆ. ಅಪ್ಪ ಅದನ್ನು ಸಭೆಗೆ ಮುಟ್ಟಿಸಿದರು: "ಈಗ ಸರಿಯಾಗಿದೆಯಂತೆ ಅಣ್ಣ."

"ಸರಿಯಾಗಿದೆಯಾ?" ದೊಡ್ಡಪ್ಪ ಕನ್ನಡಕ ತೆಗೆದರು. "ನಾವ್ಯಾರೂ ಏನೂ ಹೇಳದೆ, ಲಿಂಗಣ್ಣ ಏನೂ ಬಿಚ್ಚದೆ, ತಾನೇ ಸರಿ ಹೋಯ್ತಾ? ಯಾರು ಏನು ಮಾಡಿದ್ರು?"

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ದೊಡ್ಡಮ್ಮನ ಕಣ್ಣು ಆಗಲೇ ಆ ಸೆರಗಿನ ಮೇಲಿತ್ತು. ನಾನು ಕಾಫಿಯ ಟ್ರೇ ಹಿಡಿದು ಅಂಗಳದ ಮಧ್ಯೆ ನಿಂತಿದ್ದೆ.

"ನಾನು ಹೇಳ್ತೀನಿ ಕೇಳಿ" ಎಂದರು ದೊಡ್ಡಪ್ಪ. "ಟಯರ್ ಹಾಕಿದ್ವಿ, ನಡುಗ್ತು. ರಬ್ಬರ್ ಹಾಕಿದ್ವಿ, ನಡುಗ್ತು. ಆಕ್ಸೆಲ್ಲೂ ಹಾಕಿದ್ವಿ. ಈಗ ನಡುಗಲ್ವಂತೆ, ನಾಳೆ ನಡುಗುತ್ತಂತೆ. ನಾನು ಓಡಿಸಿದಾಗ ಒಂದು ದಿನಾನಾದ್ರೂ ನಡುಗಿತಾ? ಇಲ್ಲ. ಲಿಂಗಣ್ಣ ಶೆಡ್ಡಿಗೆ ತಗೊಂಡು ಹೋದಾಗ?"

"ಇಲ್ಲ ಸಾರ್." ಲಿಂಗಣ್ಣನ ಶೆಡ್ಡು ನಮ್ಮ ಬೀದಿಯ ತುದಿಯಲ್ಲಿದೆ.

"ಯಾರು ಓಡಿಸಿದಾಗ ನಡುಗುತ್ತೆ? ಇವಳು ಓಡಿಸಿದಾಗ. ಅಂದ್ಮೇಲೆ ನಡುಗೋದು ಕಾರಲ್ಲ ಕಣ್ರಪ್ಪ. ಈ ಹುಡುಗಿ ಕೈ. ಪಾಪ, ಪುಕ್ಕಲು. ಕೈ ನಡುಗುತ್ತೆ, ಕಾರು ನಡುಗಿದ ಹಾಗೆ ಅನ್ಸುತ್ತೆ. ಇವಳಿಗ್ಯಾಕೆ ಹೆದ್ದಾರಿ, ಇವಳಿಗ್ಯಾಕೆ ಕೆಲಸ?"

"ಅದೇ ಸಾರ್" ಎಂದ ಲಿಂಗಣ್ಣ, ಬಿಚ್ಚಲು ಇನ್ನೇನೂ ಉಳಿದಿಲ್ಲವಲ್ಲ ಎಂಬ ಬೇಸರದಲ್ಲಿ. "ಹೌದು."

ಟ್ರೇಯ ಮೇಲೆ ಒಂದು ಲೋಟ ಇನ್ನೊಂದಕ್ಕೆ ತಾಗಿ ಟಿಣ್ ಎಂದಿತು.

"ನಾನು ಮೊದಲಿಂದ ಹೇಳ್ತಿರಲಿಲ್ವಾ" ಎಂದರು ದೊಡ್ಡಮ್ಮ. "ಹೌದು, ಕೈಯೇ ನಡುಗೋದು. ನೋಡಿ ಬೇಕಾದ್ರೆ, ಈಗ್ಲೂ ನಡುಗ್ತಿದೆ."

ಪಕ್ಕದ ಮನೆಯವರು ಹೌದೆಂದರು. ಅವರ ಪಕ್ಕದವರು ಹೌದೆಂದರು. ಒಂದೊಂದು ಹೌದಿಗೂ ಬೆರಳ ತುದಿಯಿಂದ ಇರುವೆ ಹತ್ತಿದಂತಾಗಿ, ನಡುಕ ಮಣಿಕಟ್ಟಿಗೆ ಬಂತು, ಮೊಣಕೈಗೆ ಏರಿತು. ಲೋಟಗಳು ಒಂದಕ್ಕೊಂದು ಬಡಿದುಕೊಳ್ಳತೊಡಗಿದವು. ಕಾಫಿ ತುಳುಕಿ ಟ್ರೇ ಒದ್ದೆಯಾಯಿತು. ನನ್ನದೇ ಕೈಗಳು, ಬೇರೆ ಯಾರದೋ ಮನೆಯಿಂದ ಎರವಲು ತಂದವುಗಳಂತೆ ಕುಣಿಯುತ್ತಿದ್ದವು. ಬಿಚ್ಚಿಟ್ಟ ಒದ್ದೆ ಕಾಗದ, ಅದರ ಮೇಲೆ ಸಾಲಾಗಿ ಮಲಗಿದ ಬಿಳಿಯ ಮೊಳಕೆಗಳು, ಅವುಗಳ ಕಡೆ ಹೋಗುವ ಈ ಕೈ ಕಣ್ಣಿಗೆ ಕಟ್ಟಿತು.

ಈಗ ಅಪ್ಪನ ಸರದಿ. ಅಪ್ಪ ನನ್ನನ್ನು ನೋಡಿದರು, ಟ್ರೇ ನೋಡಿದರು, ಅಣ್ಣನನ್ನು ನೋಡಿದರು. "ಕಣ್ಣಿಗೇ ಕಾಣ್ತಿದೆಯಲ್ಲ... ಹೌದು" ಎಂದು ನೆಲಕ್ಕೆ ಹೇಳಿದರು.

ಉಳಿದವರು ನಾನು ಮತ್ತು ಅಮ್ಮ. ದೊಡ್ಡಪ್ಪ ಕನ್ನಡಕ ಮತ್ತೆ ಹಾಕಿಕೊಂಡು ಏಳಲು ಕುರ್ಚಿಯ ಕೈ ಹಿಡಿದರು; ನಮ್ಮಿಬ್ಬರನ್ನು ಕಾಯುವ ಅಭ್ಯಾಸ ಯಾರಿಗೂ ಇಲ್ಲ. ಆಗ ಅಮ್ಮ ಹೊಸ್ತಿಲು ದಾಟಿ ಅಂಗಳಕ್ಕೆ ಇಳಿದಳು. ಸೆರಗಿನ ತುದಿ ಬಿಟ್ಟಿದ್ದಳು. "ಭಾವಾ, ಒಂದ್ನಿಮಿಷ" ಎಂದಳು. "ಆ ಚಕ್ರದ ಹತ್ರ... ನಾನೇ..."

ದೊಡ್ಡಮ್ಮನ ಮುಖ ಅರಳಿತು. ಅವರು ಕುರ್ಚಿಯ ಅಂಚಿಗೆ ಸರಿದು ಕೂತರು. ಮುಂದೆ ಹೇಳುವ ಮಾತು ಅವರ ತುಟಿಯ ಮೇಲೆ ಆಗಲೇ ಸಿದ್ಧವಾಗಿ ನಿಂತದ್ದು, ಸುತ್ತಲಿನ ತಲೆಗಳು ಆಡಲು ತಯಾರಾದದ್ದು ನನಗೆ ಕಂಡಿತು. ಸಂಜೆ ಗೇಟಿಗೆ ಬರುವ ಸರಸಮ್ಮ ಕಂಡರು, ಅವರ ಪಕ್ಕದಲ್ಲಿ ಅಮ್ಮ, ಇಬ್ಬರನ್ನೂ ಕೈಹಿಡಿದು ದಾಟಿಸುವವರು ಯಾರೂ ಇಲ್ಲ.

ನಾನು ಬಾಯಿ ತೆರೆದೆ. ಗಂಟಲಿನಲ್ಲಿ ಆ ನಾಮಕರಣದ ಪಂಕ್ತಿ ಪೂರ್ತಿಯಾಗಿ ಎಲೆ ಹಾಕಿಕೊಂಡು ಕೂತಿತ್ತು. ಒಬ್ಬೊಬ್ಬರನ್ನೇ ಎಬ್ಬಿಸಬೇಕಾಯಿತು. ಟ್ರೇಯನ್ನು ಕಾರಿನ ಬಾನೆಟ್ ಮೇಲೆ ಇಟ್ಟೆ. ಖಾಲಿಯಾದ ಎರಡು ಕೈಗಳನ್ನು, ಕುಣಿಯುತ್ತಿದ್ದ ಹಾಗೆಯೇ, ಎಲ್ಲರಿಗೂ ಕಾಣುವಂತೆ ಮುಂದೆ ಚಾಚಿದೆ.

"ಅಲ್ಲ, ದೊಡ್ಡಪ್ಪ" ಎಂದೆ. ನನ್ನ ದನಿ ಇಷ್ಟು ದಪ್ಪಗಿದೆಯೆಂದು ನನಗೇ ಗೊತ್ತಿರಲಿಲ್ಲ. "ನನ್ನ ಕೈ ನಡುಗಲ್ಲ."